ಕೋಮಲಳ ಹೆಬ್ಬೆಟ್ಟು

ಗಾಡಿಯ ಹ್ಯಾಂಡಲ್ಲಿಗೆ ಕೈ ಹಾಕುವ ಮೊದಲು ಮೆಕ್ಯಾನಿಕ್ ನಟರಾಜು ಅದನ್ನು ಓಡಿಸಬೇಕಾದವಳನ್ನು ತೂಗಿದ. ಕೊಳ್ಳೇಗಾಲದ ಅವನ ಗ್ಯಾರೇಜಿನ ಪಕ್ಕದಲ್ಲೇ ಗುಜರಿ ಅಂಗಡಿ. ಅಲ್ಲಿನ ತೂಕದ ಯಂತ್ರದ ಮೇಲೆ ನಿಂತ ಏಳು ವರ್ಷದ ಕೋಮಲ ಹತ್ತೊಂಬತ್ತು ಕಿಲೋ ಆರುನೂರು ಗ್ರಾಂ ತೂಗಿದಳು.

"ಹಳೇ ಪೇಪರ್ ಜೊತೆಗೆ ಆಕ್ಬುಡವಾ ಇವಳ್ನೂ?" ಎಂದ ಅವಳ ಅಪ್ಪ ಮೋಹನ.

"ನಾನು ಪೇಪರಲ್ಲ, ಕಬ್ಬುಣ!" ಎಂದಳು ಕೋಮಲ.

ಮೋಹನ ಬಸ್ ಕಂಡಕ್ಟರ್. ಮಹದೇಶ್ವರ ಬೆಟ್ಟದ ಮಾರ್ಗದಲ್ಲಿ ಅವನ ಕೆಲಸ. ಮದುವೆಗೆ ಮುಂಚೆ ಎರಡು ವರ್ಷ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಬೈಕ್ ರೇಸಿಗೆ ಹೋಗಿದ್ದ. ಕೊಯಮತ್ತೂರಿನ ಪರಿಚಯಸ್ಥರ ಮನೆಯಲ್ಲಿ ಮಗ ಬೆಳೆದು ದೊಡ್ಡವನಾದ ಮೇಲೆ ಮೂಲೆಗೆ ಸೇರಿದ್ದ ಮಕ್ಕಳ ರೇಸ್ ಗಾಡಿಯನ್ನು ಸರಕು ವ್ಯಾನಿನಲ್ಲಿ ತರಿಸಿದ್ದ. ನಾಲ್ಕು ದಪ್ಪ ಚಕ್ರ, ಎಪ್ಪತ್ತು ಸಿಸಿ ಎಂಜಿನ್. ಅದಕ್ಕೆ ಕ್ವಾಡ್ ಎನ್ನುತ್ತಾರೆ. ಗೇರ್ ಇಲ್ಲ. ಎರಡೂ ಕೈಗೆ ಒಂದೊಂದು ಬ್ರೇಕ್. ಆಕ್ಸಿಲರೇಟರ್ ಮಾತ್ರ ಬೈಕಿನಂತೆ ತಿರುಗಿಸುವಂಥದ್ದಲ್ಲ. ಬಲಗೈ ಹೆಬ್ಬೆಟ್ಟಿನ ಕೆಳಗೆ ಒಂದು ಪುಟ್ಟ ಲಿವರ್ ಇದೆ. ಒತ್ತಿದರೆ ಓಡುತ್ತದೆ, ಬೆರಳೆತ್ತಿದರೆ ನಿಧಾನವಾಗುತ್ತದೆ.

ಮೂರು ವಾರದಲ್ಲಿ ಮೈಸೂರಿನ ಹೊರವಲಯದಲ್ಲಿ ಮಕ್ಕಳ ರೇಸ್ ಇತ್ತು. ಕೋಮಲ ಹೋಗುವುದೋ ಬಿಡುವುದೋ ಎಂಬುದನ್ನು ತೀರ್ಮಾನಿಸುವವಳು ಅವಳ ಅಮ್ಮ ರತ್ನ. ರತ್ನ ನರ್ಸಿಂಗ್ ಹೋಮೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ಎಂಥೆಂಥ ಮೂಳೆ ಹೇಗೆ ಹೇಗೆ ಮುರಿಯುತ್ತದೆಂದು ಅವಳಿಗೆ ಯಾರೂ ವಿವರಿಸಬೇಕಾಗಿಲ್ಲ. ಅವಳು ಒಂದೇ ಷರತ್ತು ಹಾಕಿದ್ದಳು: "ಓಡ್ಸದು ಬೇರೆ ಮಾತು. ನಿಲ್ಸಾಕೆ ಬತ್ತದೆ ಅಂತ ನಂಗೆ ಕಾಣ್ಬೇಕು. ಇಲ್ಲಾಂದ್ರೆ ಗಾಡಿ ವಾಪಸ್ ಕೊಯಮತ್ತೂರಿಗೆ."

ನಟರಾಜು ಕೆಲಸಕ್ಕೆ ಎರಡು ಸಂಜೆ ತೆಗೆದುಕೊಂಡ. ಹಿಂದಿನ ಹುಡುಗ ಇವಳಿಗಿಂತ ಹದಿನೈದು ಕಿಲೋ ಹೆಚ್ಚಿದ್ದವನು. ಸ್ಪ್ರಿಂಗುಗಳು ಅವನ ಲೆಕ್ಕಕ್ಕೆ ಬಿಗಿಯಾಗಿದ್ದವು. ಕೋಮಲ ಹತ್ತಿ ಕುಳಿತರೆ ಗಾಡಿ ಕೂದಲೆಳೆಯಷ್ಟೂ ಜಗ್ಗಲಿಲ್ಲ.

"ಬಂಡೆ ಮ್ಯಾಲೆ ಕಾಗೆ ಕುಂತಂಗದೆ. ಉಬ್ಬು ಬಂದ್ರೆ ಎತ್ತಿ ಎಸೀತದೆ," ಎಂದು ಅವನು ನಾಲ್ಕೂ ಸ್ಪ್ರಿಂಗುಗಳನ್ನು ಸಡಿಲಿಸಿದ. ಅವಳು ಕುಳಿತಾಗ ಗಾಡಿ ಎರಡು ಬೆರಳಿನಷ್ಟು ತಗ್ಗಿದ್ದನ್ನು ಅಳೆದು ನೋಡಿದ. ಹ್ಯಾಂಡಲ್ಲನ್ನು ಅವಳ ಕಡೆಗೆ ವಾಲಿಸಿದ. ಬ್ರೇಕ್ ಲಿವರುಗಳನ್ನು ಅವಳ ಎರಡು ಬೆರಳಿಗೆ ಎಟುಕುವಷ್ಟು ಒಳಗೆ ತಂದ. ಚಕ್ರಗಳ ಗಾಳಿ ಎರಡೂ ಕಡೆ ಸಮ ಇದೆಯೇ ಎಂದು ಎರಡೆರಡು ಸಲ ನೋಡಿದ. ಕೊನೆಗೆ ಆಕ್ಸಿಲರೇಟರಿನ ಒಂದು ಸ್ಕ್ರೂವನ್ನು ಒಳಕ್ಕೆ ತಿರುಗಿಸಿ, ಲಿವರ್ ಮೂರರಲ್ಲಿ ಒಂದು ಪಾಲಷ್ಟೇ ಚಲಿಸುವಂತೆ ಮಾಡಿ, ನಟ್ಟು ಬಿಗಿದ.

"ಇದ್ಕಿಂತ ಸೈಕಲ್ಲೇ ಜೋರಾಗಿ ಓಯ್ತದಲ್ಲಣ್ಣ," ಎಂದ ಮೋಹನ.

"ಅಂಗಾರೆ ಸೈಕಲ್ಲೇ ಕೊಡ್ಸು."

ಗಾಡಿಯ ಕೆಂಪು ಹುರಿಯ ಒಂದು ತುದಿಯನ್ನು ಕೋಮಲಳ ಜಾಕೆಟ್ಟಿಗೆ ಸಿಕ್ಕಿಸುವುದನ್ನು ನಟರಾಜು ಮೋಹನನಿಗೆ ಕಲಿಸಿದ. ಅವಳು ಸೀಟಿನಿಂದ ಜಾರಿದರೆ ಹುರಿ ಕಿತ್ತುಬಂದು ಎಂಜಿನ್ ತಾನೇ ನಿಲ್ಲುತ್ತದೆ.

ಭಾನುವಾರ ಬೆಳಿಗ್ಗೆ ನಾಲ್ವರೂ ಮಾಂಬಳ್ಳಿಗೆ ಹೋದರು. ಅಲ್ಲಿ ಮೋಹನನ ಅಣ್ಣನ ಗದ್ದೆ ಇದೆ. ಭತ್ತ ಕೊಯ್ದು ತಿಂಗಳಾಗಿತ್ತು. ಕೂಳೆ ತುಳಿತಕ್ಕೆ ಚಪ್ಪಟೆಯಾಗಿ, ನೆಲ ಒಣಗಿ ಗಟ್ಟಿಯಾಗಿತ್ತು. ರತ್ನ ಬದುವಿನ ಮೇಲೆ ಕೊಡೆ ಬಿಡಿಸಿ ಕುಳಿತಳು.

ಮೊದಲ ಮೂರು ಸುತ್ತು ಕೋಮಲ ಆಮೆಯಂತೆ ಹೋದಳು. ಮೋಹನ ಪಕ್ಕದಲ್ಲೇ ಓಡುತ್ತಾ ಹುರಿದುಂಬಿಸಿದ: "ಬುಡು ಮಗಾ, ಬುಡು! ಎದ್ರುಕೋಬ್ಯಾಡ, ಬುಡು ಗಾಡಿಯ!" ನಾಲ್ಕನೆಯ ಸುತ್ತಿಗೆ ಅವಳಿಗೆ ಧೈರ್ಯ ಬಂತು. ಐದನೆಯದರಲ್ಲಿ ತಿರುವು ತಪ್ಪಿ ನೇರ ಬದುವಿನ ಕಡೆ ಹೊರಟಳು. ಮೋಹನ ಹಿಂದಿನಿಂದ ಕೂಗಿದ. "ಬುಡು! ಬುಡು! ಬುಟ್‌ಬುಡು!" ಗಾಡಿ ನಿಧಾನವಾಗಲಿಲ್ಲ. ಇನ್ನೂ ಜೋರಾಯಿತು. ಮುಂದಿನ ಚಕ್ರಗಳು ಬದುವಿಗೆ ಹೊಡೆದವು. ಕೋಮಲ ಪಕ್ಕಕ್ಕೆ ಜಾರಿ ಕೂಳೆಯ ಮೇಲೆ ಬಿದ್ದಳು, ಹುರಿ ಕಿತ್ತುಬಂತು, ಎಂಜಿನ್ ನಿಂತಿತು.

ರತ್ನ ಎಲ್ಲರಿಗಿಂತ ಮೊದಲು ತಲುಪಿದಳು. ಕೂಗಾಡಲಿಲ್ಲ. ಮಗಳ ಕುತ್ತಿಗೆ, ಹೆಗಲ ಮೂಳೆ, ಮುಂಗೈ, ಮಣಿಕಟ್ಟು ಒಂದೊಂದನ್ನೂ ಒತ್ತಿ ನೋಡಿದಳು. ಎಲ್ಲವೂ ಸರಿಯಾಗಿದ್ದವು. ಆಮೇಲೆ ಗಂಡನ ಕಡೆ ತಿರುಗಿದಳು. "ಯಾಕಿಂಗಾಯ್ತು ಅಂತ ಇವತ್ತೇ ಗೊತ್ತಾಗ್ಬೇಕು. ಗೊತ್ತಾಗ್ನಿಲ್ಲಾಂದ್ರೆ ಈ ಗಾಡಿ ಮ್ಯಾಲೆ ಇವಳು ಕೂರಲ್ಲ. ಅಷ್ಟೇ."

ಮೋಹನ ನಟರಾಜುವನ್ನು ನೋಡಿದ. "ಕೇಬಲ್ ಸಿಗಾಕಂಡಿರ್ಬೇಕು ಕನಣ್ಣ. ನಾನು ಬುಡು ಅಂದೆ, ಕೂಸು ಬುಟ್ಟದೆ, ಗಾಡಿ ಬುಟ್ಟಿಲ್ಲ."

ನಟರಾಜು ಸಾಮಾನಿನ ಚೀಲ ಬಿಚ್ಚಿದ. ಕೇಬಲ್ ಹೊರಗೆಳೆದು ಬೆರಳಲ್ಲಿ ಸವರಿದ. ಎಲ್ಲೂ ಎಳೆ ಎದ್ದಿರಲಿಲ್ಲ. ಲಿವರನ್ನು ಇಪ್ಪತ್ತು ಸಲ ಒತ್ತಿ ಬಿಟ್ಟ. ಇಪ್ಪತ್ತು ಸಲವೂ ಟಕ್ಕೆಂದು ಹಿಂದಕ್ಕೆ ಬಂತು. ಸ್ಕ್ರೂ ಅವನು ಬಿಗಿದ ಜಾಗದಲ್ಲೇ ಇತ್ತು. ಕಾರ್ಬುರೇಟರ್ ಬಿಚ್ಚಿ ನೋಡಿದ, ಮಣ್ಣಿನ ಕಣವಿರಲಿಲ್ಲ. ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

"ಗಾಡೀಲಿ ಏನೂ ಇಲ್ಲ," ಎಂದ.

"ಅಂಗಾರೆ ಕೂಸ್ದಾ ತಪ್ಪು?"

"ನಾನಂಗಂದ್ನಾ? ಕೂಸ್ನೇ ಕೇಳವ, ತಡಿ."

ಅವನು ಗಾಡಿಯ ಅಡಿಗೆ ಕಲ್ಲುಗಳನ್ನು ಕೊಟ್ಟು ನಾಲ್ಕೂ ಚಕ್ರಗಳನ್ನು ನೆಲದಿಂದ ಎತ್ತಿದ. ಎಂಜಿನ್ ಹಾಕಲಿಲ್ಲ. ಕೋಮಲಳನ್ನು ಹತ್ತಿಸಿ, ತಾನು ಅವಳ ಬಲಗೈ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ.

"ಆಗ ಏನೇನ್ ಮಾಡ್ದೆ, ಅಂಗಂಗೇ ಮಾಡವ್ವ. ಯಾರೂ ಬಯ್ಯಲ್ಲ."

ಕೋಮಲ ಬಾಯಲ್ಲೇ ಎಂಜಿನ್ನಿನ ಸದ್ದು ಮಾಡುತ್ತಾ ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸಿದಳು. "ಬದು ಬತ್ತು," ಎಂದಳು.

"ಆಮೇಲೆ?"

"ಅಪ್ಪ ಬುಡು ಅಂತು."

"ನೀನೇನ್ ಮಾಡ್ದೆ?"

"ಬುಟ್ಟೆ," ಎನ್ನುತ್ತಾ ಕೋಮಲ ಹೆಬ್ಬೆಟ್ಟಿನಿಂದ ಲಿವರನ್ನು ಕೊನೆಯವರೆಗೂ ಒತ್ತಿ ಹಿಡಿದಳು.

ನಟರಾಜು ಆ ಹೆಬ್ಬೆಟ್ಟನ್ನೇ ನೋಡಿದ. ಆಮೇಲೆ ಮೋಹನನನ್ನು ನೋಡಿದ. ಬೆಳಗಿನಿಂದ ಅಪ್ಪ ಬುಡು ಎಂದಾಗಲೆಲ್ಲ ಗಾಡಿ ಬಿಡು, ಅಂದರೆ ಓಡಿಸು ಎಂದರ್ಥ. ಬದು ಎದುರಾದಾಗ ಅದೇ ಅಪ್ಪ ಅದೇ ಬಾಯಲ್ಲಿ ಅದೇ ಮಾತು ಕೂಗಿದ್ದ. ಈ ಸಲ ಅವನು ಹೇಳಿದ್ದು ಲಿವರ್ ಬಿಡು ಎಂದು. ಅದನ್ನು ಕೋಮಲಳಿಗೆ ಯಾರೂ ತಿಳಿಸಿರಲಿಲ್ಲ.

ರತ್ನಳಿಗೆ ಮೊದಲು ಕೋಪ ಬಂತು, ಹಿಂದೆಯೇ ನಗು ಬಂತು. ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದಳು. "ಹೇಳ್ದ ಮಾತು ಕೇಳಲ್ಲ ಅಂತ ದಿನಾ ಬಯ್ತಿದ್ರಲ್ಲ ಇವಳ್ನ. ಕೇಳವ್ಳೆ ನೋಡಿ."

ಮೋಹನ ಮಗಳ ಮುಂದೆ ಕುಳಿತು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿದ. "ನನ್ ತಪ್ಪು ಕನವ್ವ," ಎಂದ. ನಟರಾಜುವಿನ ಕಡೆಗೂ ತಿರುಗಿ, "ನಿನ್ಗೂ ಅಂದ್ಬುಟ್ಟೆ ಅಣ್ಣ," ಎಂದ. ನಟರಾಜು ಕೈ ಒರೆಸಿಕೊಳ್ಳುತ್ತಾ, "ಅನ್ನು, ಅನ್ನು. ಕೇಬಲ್ಲಾದ್ರೂ ಕ್ಲೀನಾಯ್ತು," ಎಂದ.

ಈಗ ಬೇರೆ ಮಾತು ಬೇಕಿತ್ತು. ನಿಲ್ಲು ಎನ್ನೋಣವೆಂದ ಮೋಹನ. "ಅದ ನಾನು ದಿನಕ್ಕೆ ಇಪ್ಪತ್ತು ಸಲಿ ಅಂತೀನಿ, ಯಾವತ್ ನಿಂತವ್ಳೆ?" ಎಂದಳು ರತ್ನ. ಸಾಕು? ಅದು ಊಟಕ್ಕೆ ಹೇಳುವುದೆಂದಳು ಕೋಮಲ. ಸ್ವಲ್ಪ ಯೋಚಿಸಿ ಅವಳೇ ಹೇಳಿದಳು: "ಓಲ್ಡಾನ್ ಅನ್ನು ಅಪ್ಪ. ಓಲ್ಡಾನ್ ಅಂದ್ರೆ ಬಸ್ಸೇ ನಿಂತ್ಕತದೆ."

ಕಂಡಕ್ಟರನ ಮಗಳ ಮಾತನ್ನು ಯಾರೂ ತಳ್ಳಿಹಾಕಲಿಲ್ಲ. ಗಾಡಿ ಕಲ್ಲಿನಿಂದ ಇಳಿಯಿತು. ನಾಲ್ಕು ಸಲ ಮೋಹನ ಓಲ್ಡಾನ್ ಎಂದ. ನಾಲ್ಕು ಸಲವೂ ಕೋಮಲ ಹೆಬ್ಬೆಟ್ಟು ಎತ್ತಿ ಬ್ರೇಕ್ ಹಿಡಿದು ನಿಂತಳು. ಮೋಹನ ಹೆಂಡತಿಯ ಕಡೆ ನೋಡಿದ.

ರತ್ನ ಎದ್ದು ಬಂದಳು. ಗಾಡಿಯ ಪಕ್ಕ ನಿಂತು ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡಳು. ಎಂಜಿನ್ ರೇಸ್ ಮಾಡುವಂತೆ ನಟರಾಜುವಿಗೆ ಹೇಳಿ, ಗಂಡನಿಗೆ ನಲವತ್ತು ಹೆಜ್ಜೆ ದೂರ ಹೋಗಿ ಕೂಗಲು ಹೇಳಿ, ಅವನಿಗೆ ಬೆನ್ನು ತಿರುಗಿಸಿದಳು. ಮೋಹನ ಕೂಗಿದ. ಕತ್ತಿನ ನರ ಉಬ್ಬುವಂತೆ ಮತ್ತೂ ಎರಡು ಸಲ ಕೂಗಿದ.

ರತ್ನ ಕೈ ತೆಗೆದು ತಿರುಗಿದಳು. "ಕೂಗಿ ಅಂದ್ನಲ್ರೀ?"

"ಮೂರ್ ಸಲಿ ಕೂಗ್ದೆ!"

"ಅಲ್ಲಿ ಆರೇಳು ಗಾಡಿ ಇರ್ತವೆ. ಆರೇಳು ಅಪ್ಪಂದ್ರೂ ಇರ್ತಾರೆ. ಇವಳು ತಲೆಗೆ ಹೆಲ್ಮೆಟ್ ಹಾಕಂಡಿರ್ತಾಳೆ. ನಿಮ್ ಓಲ್ಡಾನ್ ಯಾರಿಗೆ ಕೇಳ್ತದೆ?"

ಮೋಹನ ನೆಲ ನೋಡಿದ. ಗಾಡಿ ವಾಪಸ್ ಹೋಯಿತೆಂದೇ ಅವನಿಗೆ ಅನಿಸಿತು.

"ಇನ್ನೊಂದು ಸುತ್ತು ಬರ್ಲಿ," ಎಂದಳು ರತ್ನ. "ಎಷ್ಟು ಜೋರು, ಎಲ್ಲಿ ನಿಲ್ಸದು, ಎಲ್ಲಾ ಅವಳೇ ನೋಡ್ಕಳ್ಳಿ. ಯಾರೂ ಏನೂ ಹೇಳ್ಬೇಡಿ."

ಕೋಮಲ ಹೊರಟಳು. ಮೊದಲ ತಿರುವಿನಲ್ಲಿ ನಿಧಾನ ಮಾಡಿದಳು. ದೂರದ ಅಂಚಿನಲ್ಲಿ ಜೋರು ಮಾಡಿದಳು. ಎರಡನೆಯ ತಿರುವು ಅಗಲವಾಯಿತು, ಗಾಡಿ ಬೆಳಗಿನ ಹಾಗೆಯೇ ಬದುವಿನ ಕಡೆಗೆ ಬಂತು. ಮೋಹನನ ಬಾಯಿ ತೆರೆಯಿತು. ರತ್ನ ಅವನ ಮೊಣಕೈ ಹಿಡಿದಳು. ಬದುವಿಗೆ ಇನ್ನೂ ಎರಡು ಮಾರು ಇರುವಾಗ ಎಂಜಿನ್ನಿನ ಸದ್ದು ತಗ್ಗಿತು. ಚಕ್ರಗಳು ಕೂಳೆಯ ಮೇಲೆ ಸ್ವಲ್ಪ ಜಾರಿ ನಿಂತವು.

ರತ್ನ ನಡೆದು ಹೋಗಿ ಮಗಳ ಹೆಲ್ಮೆಟ್ಟಿನ ಗಾಜು ಎತ್ತಿದಳು. "ಇಲ್ಲೇ ಯಾಕ್ ನಿಲ್ಸಿದೆ? ಯಾರು ಹೇಳಿದ್ರು?"

"ಯಾರೂ ಹೇಳ್ನಿಲ್ಲ. ಮುಂದ್ಕೆ ಬದು ಅದಲ್ಲವ್ವ."

ರತ್ನ ಗಾಜು ಇಳಿಸಿ ವಾಪಸ್ ಬಂದಳು. "ಆ ಆಕ್ಸಿಲರೇಟರ್ ಸ್ಕ್ರೂ ಮುಟ್ಬೇಡಿ, ಈ ಸ್ಪೀಡೇ ಸಾಕು," ಎಂದು ನಟರಾಜುವಿಗೆ ಹೇಳಿದಳು. ಆಮೇಲೆ ಗಂಡನಿಗೆ: "ಮೈಸೂರಿಗೆ ನಾನೂ ಬತ್ತೀನಿ. ಅಲ್ಲಿ ನೀವು ತುಟಿ ಪಿಟಕ್ ಅನ್ನಂಗಿಲ್ಲ."

"ಚಪ್ಪಾಳೆ?" ಎಂದ ಮೋಹನ.

"ಮುಗಿದ್ ಮೇಲೆ."