ಕೊನೆಯ ಕೋಣೆಯ ಅಳತೆ

ಚಳಿ ಬಿಟ್ಟು ಚಹಾ ಗಿಡಗಳು ಚಿಗುರತೊಡಗಿದ್ದವು. ಗುಡ್ಡದ ನೆತ್ತಿಯ ಬಂಗಲೆಯೊಳಗೆ ಮಾತ್ರ ಇನ್ನೂ ಚಳಿ ಇತ್ತು. ಅಳತೆಯ ಟೇಪಿನ ಒಂದು ತುದಿ ನಕ್ಷೆ ಬರೆಯಲು ಬಂದ ಅವನ ಕೈಯಲ್ಲಿ, ಇನ್ನೊಂದು ಮುದುಕ ಕಾವಲುಗಾರನ ಕೈಯಲ್ಲಿ.

ಮೊದಲು ನಾಲ್ಕು ಗೋಡೆ, ಆಮೇಲೆ ಮೂಲೆಯಿಂದ ಮೂಲೆಗೆ. ಹಳೆಯ ಕೋಣೆ ಕಣ್ಣಿಗೆ ಚೌಕವೇ. ಮೂಲೆಗೆ ಟೇಪು ಎಳೆದಾಗಲೇ ಅದರ ಸೊಟ್ಟ ಬಯಲಾಗುವುದು. ಇದನ್ನು ಕಲಿಸಿದವರು ವಾಸ್ತುಶಿಲ್ಪ ಕಾಲೇಜಿನ ಮೇಷ್ಟ್ರು. ಹನ್ನೆರಡು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನೆಲ್ಲ ಇಲ್ಲಿಗೇ ಕರೆತಂದಿದ್ದರು. ಎರಡಡಿ ದಪ್ಪದ ಕಲ್ಲುಗೋಡೆ, ಮೊದಲ ಮಾಲೀಕ ಕಟ್ಟಿಸಿದ ಎರಡೇ ಕೋಣೆ, ಅವಕ್ಕೆ ಮಗ, ಮೊಮ್ಮಗ ಅಂಟಿಸುತ್ತ ಹೋದ ಒಂಬತ್ತು. ಎಲ್ಲ ತೋರಿಸಿ, "ಇದು ಉಳೀಬೇಕು ಕಣೋ" ಎಂದಿದ್ದರು. ಹದಿನೈದು ಜನರಿದ್ದರೂ ಅವರ ಕೈ ಇದ್ದದ್ದು ಅವನ ಹೆಗಲ ಮೇಲೆ. ಈಗ ಅವರೇ ಕಳಿಸಿದ್ದರು; ಮೂರು ದಿನದಿಂದ ಅವನು ಅಳೆಯುತ್ತಿರುವುದು ಉಳಿಸುವುದಕ್ಕೇ.

"ಹದಿನೆಂಟಡಿ ನಾಲ್ಕಂಗುಲ," ಎಂದ ಕಾವಲುಗಾರ, ತೊಲೆಗೆ ಹಿಡಿದ ಟೇಪು ಬಿಗಿಯಾಗುವ ಮೊದಲೇ.

ಅವನು ನೋಡಿದ. ಅಷ್ಟೇ ಇತ್ತು.

"ನಿಮಗೆ ಹೇಗೆ ಗೊತ್ತು ತಾತ?"

"ಹೋದ ತಿಂಗಳು ಬಂದೋರೂ ನನ್ ಕೈಲೇ ಹಿಡಿಸಿದ್ರಲ್ಲ. ತೊಲೆ ಅಳೆದ್ರು, ಬಾಗಿಲು ಅಳೆದ್ರು. ಗೋಡೆ ಬೇಡ ಅಂದ್ರು. ಮರದ ವ್ಯಾಪಾರಿಗೆ ಗೋಡೆ ಯಾತಕ್ಕೆ?"

"ಜೊತೆಗೆ ಯಾರಿದ್ರು?"

"ನಿಮ್ಮ ಮೇಷ್ಟ್ರೇ. ಕೋಲೂರಿಕೊಂಡು ಬಂದಿದ್ರು. ಪಾಪ, ಮಂಡಿನೋವಂತೆ."

ಜಗಲಿಯ ತುದಿಗೆ ಹೋಗಿ ಫೋನು ಮಾಡಿದ.

"ಹೌದಪ್ಪ," ಎಂದರು ಮೇಷ್ಟ್ರು. ದನಿಯಲ್ಲಿ ಅಳುಕಿರಲಿಲ್ಲ. "ಮಾಲೀಕರು ಕೆಡವೋದು ಕೆಡವ್ತಾರೆ. ಹಳೇ ಕಟ್ಟಡ ಅಂದ್ಮೇಲೆ ಪೂರ್ತಿ ನಕ್ಷೆ ದಾಖಲೆಗೆ ಕೊಟ್ರೇನೇ ಕೆಡವೋಕೆ ಅನುಮತಿ. ಯಾರಾದ್ರೂ ಬರೀಬೇಕಲ್ಲ."

"ನನಗೆ ಹೇಳ್ಲಿಲ್ಲ ನೀವು."

"ಹೇಳಿದ್ರೆ ಇಷ್ಟು ಚೆನ್ನಾಗಿ ಬರೀತಿದ್ದೆಯಾ?" ಎಂದು ಕೇಳಿ, "ಊಟ ಆಯ್ತಾ?" ಎಂದರು.

"ಆಯ್ತು," ಎಂದ. ಆಗಿರಲಿಲ್ಲ.

ಒಳಗೆ ಕಾವಲುಗಾರ ಟೇಪು ಬಿಡದೆ ನಿಂತೇ ಇದ್ದ.

"ಮನೆ ಕೆಡವ್ತಾರಂತೆ ತಾತ."

"ಗೊತ್ತು. ಈ ತೊಲೆ ನಮ್ಮ ಮುತ್ತಾತ ಹೊತ್ತಿದ್ದು. ಗುಡ್ಡ ಹತ್ತೋವಾಗ ಇಬ್ರು ಅದರಡಿ ಸಿಕ್ಕಿ ಸತ್ತೇಹೋದ್ರಂತೆ. ಈಗ ಇಳಿಸೋಕೂ ನಮ್ಮವರನ್ನೇ ಕರೀತಾರೆ. ಇಳಿಜಾರಲ್ವಾ, ಸಲೀಸು."

"ನಿಮಗೇನೂ ಅನಿಸೋದಿಲ್ವಾ?"

"ಅನಿಸೋಕೆ ನಾನೇನು ಇದರೊಳಗೆ ಮಲಗಿದ್ದೆನಾ?"

ಅವನ ಟಿಪ್ಪಣಿಯಲ್ಲಿ ಆ ತೊಲೆಯ ಮರ ಯಾವುದು, ದಪ್ಪ ಎಷ್ಟು, ಬಿರುಕು ಎಲ್ಲಿ, ಎಲ್ಲ ಇತ್ತು.

ಉಳಿದಿದ್ದು ಒಂದೇ ಕೋಣೆ. ಅದರ ಅಳತೆ ಇಲ್ಲದೆ ನಕ್ಷೆ ಪೂರ್ತಿಯಾಗದು; ಅನುಮತಿಯೂ ಸಿಗದು. ಟೇಪು ಸುತ್ತಿ ಚೀಲಕ್ಕೆ ತುರುಕಿ ಗುಡ್ಡ ಇಳಿದುಬಿಡಬಹುದು. ಇಳಿದರೆ ಮೇಷ್ಟ್ರು ಇನ್ನೊಬ್ಬ ಶಿಷ್ಯನನ್ನು ಕಳಿಸುತ್ತಾರೆ. ಆ ಇನ್ನೊಬ್ಬನನ್ನು ನೆನೆದು ಅವನಿಗೆ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚಾಯಿತಲ್ಲ ಎಂದು ಅಸಹ್ಯವಾಯಿತು.

ಆ ಕೊನೆಯ ಕೋಣೆಗೆ ಕಾಲಿಟ್ಟ. ಒಳಗೆ ಕತ್ತಲಾಗಿತ್ತು. ಗೋಡೆಯಿಂದ ಮುಂದಕ್ಕೆ ಚಾಚಿಕೊಂಡ, ಮೂರು ಮುಖದ ದೊಡ್ಡ ಕಿಟಕಿ ಅಲ್ಲಿತ್ತು. ಮೊದಲ ದಿನ ಹೊರಗಿನಿಂದಲೇ ನೋಡಿ, 'ದೃಶ್ಯ ಸವಿಯಲೆಂದು ಮಾಡಿದ್ದು' ಎಂದು ಬರೆದುಕೊಂಡಿದ್ದ. ಬೆಳಕಿಗೆಂದು ಅದರ ಬಾಗಿಲುಗಳನ್ನು ತಳ್ಳಿದ.

ಕೆಳಗೆ ತೋಟ ಇಡಿಯಾಗಿ ಬಿದ್ದಿತ್ತು. ಗಿಡಗಳ ಪ್ರತಿಯೊಂದು ಸಾಲೂ, ಮೊದಲಿನಿಂದ ಕೊನೆಯವರೆಗೆ, ನೇರ ಈ ಕಿಟಕಿಗೇ ಬಂದು ಮುಟ್ಟುವಂತೆ ನೆಟ್ಟಿದ್ದರು. ಯಾವ ಸಾಲಿನಲ್ಲಿ ಯಾರು ಬೆನ್ನು ನೆಟ್ಟಗೆ ಮಾಡಿದರೂ ಇಲ್ಲಿಗೆ ಕಾಣುತ್ತಿತ್ತು.

ಎಲೆ ಕೀಳುತ್ತಿದ್ದ ಹೆಂಗಸೊಬ್ಬಳು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದವಳು, ತಲೆಯೆತ್ತಿ ಕಿಟಕಿಯಲ್ಲಿದ್ದ ಅವನನ್ನು ನೋಡಿದಳು. ಇಲ್ಲಿಂದ ಕಣ್ಣಿಡುವ ಮಾಲೀಕ ತಾನಲ್ಲ ಎನ್ನುವಂತೆ ಅವನು ಕೈಯೆತ್ತಿದ.

ಅವಳು ತಟ್ಟನೆ ಬಗ್ಗಿದಳು. ಪಕ್ಕದವಳೂ ಬಗ್ಗಿದಳು. ಒಂದರ ಹಿಂದೊಂದು ಸಾಲಿನಲ್ಲಿ, ತೋಟದ ಅಂಚಿನವರೆಗೂ, ಕೈಗಳು ಚುರುಕಾದವು.