ಹೊಕ್ಕುಳ ಮೇಲಿನ ಉಂಗುರ

ನನ್ನ ಮಗಳು ಭುವನೇಶ್ವರಿ ಮೂಲೆಯಲ್ಲಿ ನೆಲಕ್ಕೆ ಹಣೆ ಹಚ್ಚಿದ್ದನ್ನು ಮೊದಲು ಕಂಡವಳು ನಾನಲ್ಲ, ಮನೆ ಓನರ್ ಮುನಿಲಕ್ಷ್ಮಮ್ಮ. ಮೋಟಾರು ಹಾಕಲು ಕೆಳಗಿಳಿದವರು ನಮ್ಮ ಕಿಟಕಿಯಲ್ಲಿ ಇಣುಕಿ ಅಲ್ಲೇ ನಿಂತುಬಿಟ್ಟರು. ಇಣುಕುವುದು ಅವರಿಗೆ ಹೊಸದೇನಲ್ಲ. ಆದರೆ ಅವತ್ತು ನೀರು ಜಾಸ್ತಿ ಖರ್ಚಾಗುತ್ತದೆಂದು ಗೊಣಗದೆ ಸುಮ್ಮನೆ ನಿಂತಿದ್ದರು. ಅದನ್ನು ನೋಡಿಯೇ ನನಗೆ ಮೊದಲು ಭಯವಾದದ್ದು.

ಮಗು ಮೊಣಕಾಲು ಮಡಚಿ, ಹಣೆ ನೆಲಕ್ಕೊತ್ತಿ, ಎರಡೂ ಕೈ ಹೊಟ್ಟೆಯಡಿ ಸೇರಿಸಿಕೊಂಡು ಬಾಗಿದ್ದಳು. ಯಾರಿಗೋ ನಮಸ್ಕಾರ ಮಾಡುತ್ತಿದ್ದಂತಿತ್ತು. ಮೂಲೆಯಲ್ಲಿ ಏನೂ ಇರಲಿಲ್ಲ.

"ಈ ಸೈಟು ನಮ್ಮ ಮಾವನೋರ ರಾಗಿ ಹೊಲ ಕಣಮ್ಮ," ಅಂದರು ಮುನಿಲಕ್ಷ್ಮಮ್ಮ. "ನಿಮ್ಮ ಮಗು ಅಡ್ಡಬಿದ್ದಿದೆಯಲ್ಲ, ಮುನೇಶ್ವರನ ಕಲ್ಲು ಇದ್ದದ್ದು ಅಲ್ಲೇ."

ಮನೆ ತೋರಿಸುವಾಗ ಗಾಳಿ ಬೆಳಕಿನ ಬಗ್ಗೆ ಅಷ್ಟೆಲ್ಲ ಹೇಳಿದವರು ಈ ಕಲ್ಲಿನ ಮಾತನ್ನು ಮಾತ್ರ ನುಂಗಿಕೊಂಡಿದ್ದರು.

ನಾವು ಬಾಗಲಕೋಟೆ ಕಡೆಯವರು. ಗಂಡ ರುದ್ರೇಶ ಬೈಕಿನಲ್ಲಿ ಊಟದ ಡೆಲಿವರಿ ಮಾಡುತ್ತಾನೆ. ನಾನು ಅನ್ನಪೂರ್ಣೇಶ್ವರಿ ನಗರದ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುತ್ತೇನೆ. ಮಗುವನ್ನು ನೋಡಿಕೊಳ್ಳುವವರು ನಮ್ಮತ್ತೆ ಭಾಗವ್ವ. ಹೊಟ್ಟೆನೋವು ಬಂದರೆ ಹೊಕ್ಕುಳ ಜಾಗ ಬಿಟ್ಟು ಸರಿದಿದೆ ಅಂತ ನಮ್ಮ ಕಡೆ ಹೇಳುತ್ತಾರೆ, ಅದಕ್ಕೆ ಬಟ್ಟಿ ಬಿದ್ದಿದೆ ಎಂಬ ಮಾತು. ಎಣ್ಣೆ ಹಚ್ಚಿ, ಒತ್ತಿ ತಿಕ್ಕಿ ಬಟ್ಟಿ ಕೂರಿಸುವುದರಲ್ಲಿ ಅತ್ತೆಯದು ಎತ್ತಿದ ಕೈ. ಈ ಬೀದಿಗೆ ಬಂದ ಮೇಲೂ ಅರ್ಧ ಬೀದಿಯ ಹೊಟ್ಟೆ ಅವರ ಕೈಗೆ ಬಂದಿತ್ತು.

ಇದಕ್ಕೆ ಕೆಲವು ವಾರ ಮೊದಲು ಭುವಿಗೆ ಸ್ನಾನ ಮಾಡಿಸುವಾಗ ಹೊಕ್ಕುಳ ಮೇಲೆ ಕೆಂಪಗೆ ಒಂದು ಗುರುತು ಕಂಡಿತ್ತು. ಉಂಗುರ ಒತ್ತಿದಂತೆ ದುಂಡಗೆ, ನಡುವೆ ಖಾಲಿ. ಏನಾಯಿತೆಂದರೆ ಗೊತ್ತಿಲ್ಲ ಅಂದಳು. ಮಗು ಓಡಾಡುತ್ತಿತ್ತು, ಉಣ್ಣುತ್ತಿತ್ತು. ಉಂಗುರ ಹಳದಿಯಾಗಿ ಮಾಯವಾಯಿತು, ನಾನೂ ಮರೆತೆ. ಆಮೇಲೆ ನೋವು, ವಾಂತಿ ಶುರುವಾದವು. ಕ್ಲಿನಿಕ್ಕಿನಲ್ಲಿ ಗ್ಯಾಸಿನ ಸಿರಪ್ ಕೊಟ್ಟರು. ಅತ್ತೆ ಬಟ್ಟಿ ಬಿದ್ದಿದೆ ಎಂದು ದಿನಾ ಸಂಜೆ ಹೊಟ್ಟೆ ತಿಕ್ಕಿದರು.

ಭುವಿ ಉಣ್ಣುವುದನ್ನೇ ಬಿಟ್ಟಳು. ಮುಖ ಬತ್ತಿತು, ಹೊಟ್ಟೆ ಮಾತ್ರ ಮೇಲ್ಗಡೆ ಉಬ್ಬುತ್ತಾ ಹೋಯಿತು. ಅಂಗಾತ ಮಲಗಿಸಿದರೆ ಚೀರಿ ಎದ್ದು ಮತ್ತೆ ಅದೇ ತಣ್ಣನೆಯ ಮೂಲೆಗೆ ಹೋಗಿ ಬಾಗುತ್ತಿದ್ದಳು. ಒಂದು ತುತ್ತು ತಿನ್ನು ಅಂತ ನಾನು ಗೋಗರೆದಾಗ ಮೆಲ್ಲಗೆ ಹೇಳಿದಳು.

"ಉಂಡ್ರ ಅದು ಎದ್ದೇಳ್ತೈತಿ ಅವ್ವಾ."

ಯಾವುದು ಎಂದು ಕೇಳಿದೆ. ಹೊಟ್ಟೆಯ ಮೇಲೆ ಕೈಯಿಟ್ಟಳು.

ಒಂದು ಸಂಜೆ ತಿಕ್ಕುತ್ತಿದ್ದ ಅತ್ತೆ ಬಿಸಿ ಹಂಚು ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು. ನನ್ನ ಕೈ ಹಿಡಿದು ಅಲ್ಲಿಟ್ಟರು. ಚರ್ಮದ ಕೆಳಗೆ ಬಿಗಿಯಾದ ಗುಂಡು ಉಬ್ಬು. ಅದು ಒಳಗಿಂದ ನನ್ನ ಅಂಗೈಗೆ ಬಡಿಯುತ್ತಿತ್ತು, ಬಿಟ್ಟು ಬಿಟ್ಟು, ಸಮನಾಗಿ.

"ಇದು ಬಟ್ಟಿ ಅಲ್ಲ," ಅಂದರು ಅತ್ತೆ. "ಏನೋ ಒಳಗ ಬಂದು ಕುಂತೈತಿ."

ಅಲ್ಲಿಂದ ಅತ್ತೆಯೂ ಮುನಿಲಕ್ಷ್ಮಮ್ಮನೂ ಒಂದಾದರು. ಅದುವರೆಗೆ ತಾರಸಿಯ ಮೇಲೆ ಹಪ್ಪಳ ಒಣಹಾಕುವುದಕ್ಕೂ ಜಗಳವಾಡುತ್ತಿದ್ದ ಇಬ್ಬರು ಈಗ ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ಮಗುವಿನ ಹೊಟ್ಟೆಗೆ ವಿಭೂತಿ ಬಳಿದರು. ಅಮಾವಾಸ್ಯೆಗೆ ಕೆಂಗೇರಿ ಆಚೆ ಮೈಮೇಲೆ ದೇವರು ಬರುವ ಹೆಂಗಸಿನ ಹತ್ತಿರ ಕರೆದೊಯ್ಯುವುದು, ಅಲ್ಲಿತನಕ ಮಗು ಹೊಸ್ತಿಲು ದಾಟಕೂಡದು ಎಂದು ತೀರ್ಮಾನವಾಯಿತು. ಅವ್ವ ಹೇಳಿದಂತೆ ಮಾಡು ಎಂದು ರುದ್ರೇಶ ಜಾರಿಕೊಂಡ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ನಾನೂ ಬಾಯಿ ಬಿಡಲಿಲ್ಲ. ನನ್ನ ಅಂಗೈಯಲ್ಲಿ ಆ ಬಡಿತ ಇನ್ನೂ ಇತ್ತು. ನನ್ನ ಮಗಳನ್ನು ಮುಟ್ಟಲು ನನಗೇ ಹೆದರಿಕೆಯಾಗುತ್ತಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಜೀವ ತಡೆಯದೆ ಖಾನಾವಳಿಯಿಂದ ಬೇಗ ಹೊರಟುಬಂದೆ. ಬಾಗಿಲಿಗೆ ಅಡ್ಡ ಮುನಿಲಕ್ಷ್ಮಮ್ಮನ ಮೊಮ್ಮಗಳ ಸೈಕಲ್ಲು. ಅದರ ಜಾಗವೇ ಅದು, ನಮ್ಮ ಬಾಗಿಲಿಗೂ ಮೆಟ್ಟಿಲಿಗೂ ನಡುವೆ. ಅದನ್ನು ಮುಟ್ಟಿದರೆ ಓನರ್ ಮನೆ ಬಿಡಿಸುತ್ತಾರೆ ಅಂತ ಭುವಿಯನ್ನು ನಾನೇ ಹೆದರಿಸಿಟ್ಟಿದ್ದೆ. ಸಿಟ್ಟಿನಲ್ಲಿ ಹ್ಯಾಂಡಲಿನ ತುದಿಗೆ ಅಂಗೈ ಕೊಟ್ಟು ಜೋರಾಗಿ ತಳ್ಳಿದೆ. ಚುರುಕ್ಕೆಂದಿತು. ಆ ತುದಿಯ ರಬ್ಬರು ಹೋಗಿ ಬರೀ ಕಬ್ಬಿಣದ ಕೊಳವೆ ಉಳಿದಿತ್ತು.

ಕೈ ತಿರುಗಿಸಿ ನೋಡಿಕೊಂಡೆ. ಜೋಳದ ಹಿಟ್ಟು ಹಿಡಿದ ಅಂಗೈ ಮೇಲೆ ಕೆಂಪಗೆ ಒಂದು ಉಂಗುರ. ದುಂಡಗೆ, ನಡುವೆ ಖಾಲಿ.

ಒಳಗೆ ಹೋದೆ. ಭುವಿ ಮೂಲೆಯಲ್ಲಿ ಬಾಗಿದ್ದಳು. ಪಕ್ಕದಲ್ಲಿ ಕೂತು, ನೆಲಕ್ಕೊತ್ತಿದ ಮುಖದ ಹತ್ತಿರ ಅಂಗೈ ಚಾಚಿ, ಇಂಥದ್ದು ನಿನಗೆ ಎಲ್ಲಿ ಆಯಿತು ಎಂದು ಕೇಳಿದೆ. ಅವಳು ಮುಖ ಹೊರಳಿಸಿ ನನ್ನ ಕೈ ನೋಡಿದಳು.

"ನಾ ಸೈಕಲ್ ತುಳದು ಬಿದ್ದೆ. ಓನರ್ ಆಂಟಿಗೆ ಹೇಳಬ್ಯಾಡ," ಅಂದಳು. "ಮನಿ ಬಿಡಸ್ತಾರ."

ನನ್ನ ಬೆದರಿಕೆಯನ್ನು ನಂಬಿ ಈ ಮಗು ಇಷ್ಟು ದಿನ ಹೊಟ್ಟೆ ಹಿಡಿದುಕೊಂಡು ಬಾಗಿತ್ತು. ಎತ್ತಿಕೊಂಡೆ. ಅಮಾವಾಸ್ಯೆ ಮುಗಿಯಲಿ ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನಾನು ಅವರನ್ನು ತಳ್ಳಿ ಹೊಸ್ತಿಲು ದಾಟಿದೆ. ಆಟೋದ ಸೀಟಿನ ಮೇಲೂ ಭುವಿ ಹಾಗೆಯೇ ಬಾಗಿದ್ದಳು. ಯಾರಿಗಮ್ಮಾ ಮಗು ಹೀಗೆ ನಮಸ್ಕಾರ ಮಾಡ್ತಿರೋದು ಎಂದು ಡ್ರೈವರ್ ಕನ್ನಡಿಯಲ್ಲಿ ಎರಡು ಸಲ ನೋಡಿದ.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಸೈಕಲ್ಲಿನ ಮಾತು ಕೇಳಿ, ನನ್ನ ಅಂಗೈ ನೋಡಿ ತಲೆಯಾಡಿಸಿದರು. ಹೊಟ್ಟೆಯ ಹಿಂದೆ ಬೆನ್ನುಮೂಳೆಗೆ ಅಂಟಿದಂತೆ ಒಂದು ಗ್ರಂಥಿ ಇದೆ, ಪ್ಯಾಂಕ್ರಿಯಾಸ್ ಅಂತ, ಅಂದರು. ಹ್ಯಾಂಡಲು ಹೊಟ್ಟೆಗೆ ಒತ್ತಿದಾಗ ಅದು ಮೂಳೆಗೆ ಸಿಕ್ಕಿ ಜಜ್ಜಿಹೋಗಿದೆ. ಮಕ್ಕಳಲ್ಲಿ ಮೊದಮೊದಲು ಗೊತ್ತೇ ಆಗುವುದಿಲ್ಲವಂತೆ. ಅನ್ನ ಕರಗಿಸುವ ಅದರ ರಸ ಹೊರಗೆ ಸೋರಿ, ಒಳಗಿನದನ್ನೆಲ್ಲ ಸುಟ್ಟು, ಚೀಲದಂತೆ ತುಂಬಿಕೊಂಡಿದೆ. ಬಡಿಯುತ್ತಿದ್ದದ್ದು ಅದರ ಹಿಂದಿನ ದೊಡ್ಡ ರಕ್ತನಾಳ. ಉಂಡಾಗಲೆಲ್ಲ ರಸ ಇನ್ನಷ್ಟು ಉಕ್ಕುತ್ತಿತ್ತು. ಅದು ಎದ್ದೇಳುತ್ತದೆ ಎಂದು ಮಗು ಹೇಳಿದ್ದು ಸುಳ್ಳಾಗಿರಲಿಲ್ಲ.

"ಹೊಟ್ಟೆ ಯಾರಾದ್ರೂ ತಿಕ್ಕಿದ್ರಾ?" ಎಂದು ಕೇಳಿದರು. ನಾನು ಹೂಂ ಅಂದೆ. "ಇನ್ನೊಂದ್ಸಲ ಜೋರಾಗಿ ಒತ್ತಿದ್ರೆ ಒಡೆದುಹೋಗ್ತಿತ್ತಮ್ಮ. ಮಗು ಉಳೀತಿರಲಿಲ್ಲ."

ಹಿಂದೆ ಸದ್ದಾಯಿತೆಂದು ತಿರುಗಿದೆ. ಬಸ್ಸು ಹಿಡಿದು ನಮ್ಮ ಹಿಂದೆಯೇ ಬಂದಿದ್ದ ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಬಾಯಿಂದ ನಳಿಕೆ ಇಳಿಸಿ ಆ ರಸವನ್ನೆಲ್ಲ ತೆಗೆದರು. ತಿಂಗಳ ಮೇಲಾಯಿತು ಮಗು ಮನೆಗೆ ಬರಲು. ಬಂದ ದಿನ ಮೆತ್ತನೆಯ ಅನ್ನ ಉಂಡು, ಬಾಯಿ ತೆರೆದುಕೊಂಡು ಅಂಗಾತ ಮಲಗಿ ನಿದ್ದೆ ಹೋದಳು. ಅವಳನ್ನು ನೋಡುತ್ತಾ ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಮುಖ ತೊಳೆದು ಹೊರಗೆ ಬಂದರೆ ಸಂಜೆಗತ್ತಲಿನ ಆ ಮೂಲೆಯಲ್ಲಿ ಯಾರೋ ಹಣೆಯೂರಿ ಬಾಗಿದ್ದರು. ದೀಪ ಹಾಕಿದರೆ ನಮ್ಮತ್ತೆ ಭಾಗವ್ವ. ಭುವಿಯ ಹೊಟ್ಟೆ ತಿಕ್ಕಿದ್ದ ಎರಡೂ ಕೈಗಳನ್ನು ತಮ್ಮ ಹೊಟ್ಟೆಯಡಿ ಸೇರಿಸಿ, ಮೈಭಾರವನ್ನೆಲ್ಲ ಅವುಗಳ ಮೇಲೆ ಹಾಕಿದ್ದರು. ಏಳಿ ಅಂದೆ. ಏಳಲಿಲ್ಲ.

ಭುವಿ ಯಾವಾಗ ಎಚ್ಚರವಾಗಿದ್ದಳೋ, ಮಲಗಿದಲ್ಲಿಂದಲೇ ಕೇಳಿದಳು.

"ಅಜ್ಜೀ, ನಿನ್ನೊಳಗೂ ಅದು ಎದ್ದೈತೇನು?"

ಅತ್ತೆ ತಲೆ ಎತ್ತದೆ ಹೂಂ ಅಂದರು.