ಸೇತುವೆಯಾಚೆಯ ಭಾನುವಾರ

"ನಿನ್ ಮಗಳ ಪರಮಪ್ರಸಾದ ಅಂತ ನಾನು ಅಂಗಡಿ ಬಾಗ್ಲು ಹಾಕ್ಕೊಂಡು ಹೋಗ್ಲೇನೆ? ಬಾಯ್ಮುಚ್ಕೊಂಡು ಕೂತ್ಕೊ!"

ಮಾಲೀಕ ಮೊಲೆಂದಾ ಅರಚಿದ್ದು ಗಿರಾಕಿಗಳ ಎದುರಿಗೇ. ಗಲ್ಲಾದಲ್ಲಿದ್ದ ಬೊಗುಶಾ ತುಟಿ ಕಚ್ಚಿಕೊಂಡು ಬಿಲ್ ಮಾಡಿದಳು. ಬೆಣ್ಣೆ ಜೋಡಿಸುತ್ತಿದ್ದ ನಾನು ತಲೆ ಎತ್ತಲಿಲ್ಲ.

ನಮ್ಮ ಪೋಲೆಂಡಿನಲ್ಲಿ ಭಾನುವಾರ ಅಂಗಡಿ ಮುಚ್ಚಬೇಕು, ಕಾನೂನು. ಆ ರಜೆಯ ಆಸೆಗೇ ನಾವಿಬ್ಬರೂ ಈ ಕೆಲಸಕ್ಕೆ ಸೇರಿದ್ದು. ಆದರೆ ಹೊಳೆ ದಾಟಿದರೆ ಚೆಕ್ ದೇಶ, ಅಲ್ಲಿ ಭಾನುವಾರವೂ ವ್ಯಾಪಾರ. ಈ ಬೋಳಿಮಗನಿಗೆ ಎರಡೂ ದಡದಲ್ಲಿ ಅಂಗಡಿ. ಆರು ದಿನ ನಮ್ಮ ದಡದಲ್ಲಿ ದುಡಿಸಿ, ಏಳನೇ ದಿನ ನಮ್ಮನ್ನು ಸೇತುವೆ ದಾಟಿಸಿ ಇಲ್ಲಿ ಕೂರಿಸುತ್ತಾನೆ. ನಮ್ಮೂರಿನ ಭಕ್ತಾದಿಗಳೂ ಚೀಲ ಹಿಡಿದು ಹಿಂದೆಯೇ ಬರುತ್ತಾರೆ.

ಇವತ್ತು ಹನ್ನೊಂದಕ್ಕೆ ನಮ್ಮೂರಲ್ಲಿ ಪೂಜೆ, ಮಕ್ಕಳು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ದಿನ. ಚರ್ಚಿನ ಬಾಗಿಲಲ್ಲಿ ಹೆತ್ತವರು ಹಣೆಗೆ ಶಿಲುಬೆಯ ಗುರುತು ಹಾಕಿದ ಮೇಲೆಯೇ ಮಕ್ಕಳು ಒಳಗೆ ಹೋಗುವುದು. ಬೊಗುಶಾಳ ಮಗಳು ಲೆನ್ಕಾಗೆ ಅಪ್ಪನಿಲ್ಲ. ಬಿಳಿ ನಿಲುವಂಗಿ ತೊಟ್ಟು ಆ ಮಗು ಅಮ್ಮನ ದಾರಿ ಕಾಯುತ್ತಿತ್ತು.

ಹತ್ತೂವರೆಗೆ, ಆ ಪೂಜೆ ಮಾಡಬೇಕಾದ ನಮ್ಮೂರ ಫಾದರೇ ಅಂಗಡಿಗೆ ಬಂದರು. ಹೋದ ವಾರವಷ್ಟೇ, ಭಾನುವಾರ ಕೊಳ್ಳುವುದು ಪಾಪ ಎಂದು ಗುಡುಗಿದ್ದವರು. ಈಗ ಬುಟ್ಟಿ ತುಂಬ ಐಸ್‌ಕ್ರೀಂ, ಪೂಜೆ ಮುಗಿಸಿದ ಮಕ್ಕಳಿಗಂತೆ.

"ಫಾದರ್, ಇವ್ರಿಗೊಂದು ಮಾತು ಹೇಳಿ. ಒಂದೇ ಒಂದು ಗಂಟೆ, ಹೋಗಿ ಬಂದ್ಬಿಡ್ತೀನಿ," ಬೊಗುಶಾ ಅಂಗಲಾಚಿದಳು.

ಫಾದರ್ ಮೊಲೆಂದಾನ ಮುಖ ನೋಡಿದರು. "ಇದು ಚೆಕ್ ದಡ ಮಗಳೇ. ಇಲ್ಲಿ ನನ್ನ ಮಾತು ನಡಿಯಲ್ಲ."

ಬೊಗುಶಾ ಎದ್ದಳು. ಗಲ್ಲಾದ ಬೀಗದಕೈ ತೆಗೆದು ಮೊಲೆಂದಾನ ಎದೆಗೆ ಎಸೆದಳು.

"ನಮ್ಮ ಪೋಲೆಂಡ್ ಕಾನೂನಲ್ಲೂ ಭಾನುವಾರ ಮಾಲೀಕ ತಾನೇ ಗಲ್ಲಾದಲ್ಲಿ ಕೂತ್ರೆ ಅಂಗಡಿ ತೆಗೆಯೋಕೆ ಅವಕಾಶ ಐತೆ. ಕೂತ್ಕೊಳ್ಳೋ!"

"ಹೋದ್ರೆ ಎರಡು ದಡದಲ್ಲೂ ಕೆಲ್ಸ ಇಲ್ಲ ಕಣೇ, ಭಿಕಾರಿ!"

ಅವಳು ಆಗಲೇ ಬೀದಿಯಲ್ಲಿದ್ದಳು. ಗಾಜಿನಾಚೆ ಸೇತುವೆ ಕಾಣುತ್ತಿತ್ತು. ಚೀಲ ಹಿಡಿದು ಬರುತ್ತಿದ್ದ ಜನರನ್ನು ತಳ್ಳಿಕೊಂಡು ಓಡಿದಳು. ಓಡು ತಾಯಿ, ಓಡು, ಎಂದುಕೊಂಡೆ ಮನಸ್ಸಿನಲ್ಲೇ.

ಮೊಲೆಂದಾ ಬೀಗದಕೈ ಎತ್ತಿ ನನ್ನ ಕೈಗೆ ತುರುಕಿದ. "ನೀನು ಕೂರೇ."

ಕೂತೆ. ಕುರ್ಚಿ ಇನ್ನೂ ಬೆಚ್ಚಗಿತ್ತು. ಫಾದರ್ ಬುಟ್ಟಿ ಮುಂದೆ ತಳ್ಳಿದರು.

"ಬೇಗ ಮಾಡಮ್ಮ, ಪೂಜೆಗೆ ಹೊತ್ತಾಯ್ತು."